ಸ್ಪಾರ್ಕ್ ಥೆರಪ್ಯುಟಿಕ್ಸ್: ಔಷಧಕ್ಕಿಂತ ಮೊದಲು ಮಾಡಿದವರ ಜಾತಕ ನೋಡಿ

ಜೀನ್ ಥೆರಪಿ ಕಂಪನಿಗಳ ವೆಬ್‌ಸೈಟಿನಲ್ಲಿ "ನಮ್ಮ ನಾಯಕರು" ಅಂತ ಒಂದು ಪುಟ ಇದ್ದೇ ಇರುತ್ತದೆ. ಕೋಟು ಹಾಕಿದ ನಗುಮುಖಗಳು, ಕೆಳಗೆ ನಾಲ್ಕು ಸಾಲು. ದೊಡ್ಡ ಯೂನಿವರ್ಸಿಟಿ, ದೊಡ್ಡ ಕಂಪನಿ, ಇಷ್ಟು ವರ್ಷದ ಅನುಭವ. ಎಲ್ಲರದ್ದೂ ಒಂದೇ ತರಹ. ಯಾರೂ ಅದನ್ನು ಪೂರ್ತಿ ಓದುವುದಿಲ್ಲ ಅಂತ ಬರೆದವರಿಗೂ ಗೊತ್ತಿರಬೇಕು.

ನಾನು ಓದುತ್ತೇನೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ನಾನು. ಮಾತ್ರೆ ಸರಿಹೋಗದಿದ್ದರೆ ನಾಳೆಯಿಂದ ನಿಲ್ಲಿಸಬಹುದು. ಜೀವಕೋಶದೊಳಗೆ ಹೋಗಿ ಕೂತ ಜೀನನ್ನು ನಿಲ್ಲಿಸುವುದು ಹೇಗೆ? ಹಾಗಾಗಿ ಇದನ್ನು ಮಾಡಿದವರು ಯಾರು, ಮೊದಲು ಏನು ಮಾಡುತ್ತಿದ್ದರು, ಎಲ್ಲಿ ಎಡವಿದ್ದರು ಅಂತ ನನಗೆ ತಿಳಿಯಬೇಕು. ಡಿಗ್ರಿಗಳ ಪಟ್ಟಿಗಿಂತ ಎಡವಿದ ಕಥೆಯಲ್ಲಿ ನನಗೆ ಆಸಕ್ತಿ ಜಾಸ್ತಿ. ಆದರೆ ಆ ಕಥೆ ನಾಯಕರ ಪುಟದಲ್ಲಿ ಮಾತ್ರ ಯಾವತ್ತೂ ಇರುವುದಿಲ್ಲ, ಹುಡುಕಿಕೊಂಡು ಹೋಗಬೇಕು.

ಈ ವಿಮರ್ಶೆ ಫಿಲಡೆಲ್ಫಿಯಾದ ಸ್ಪಾರ್ಕ್ ಥೆರಪ್ಯುಟಿಕ್ಸ್ ಮತ್ತು ಅದರ ಲಕ್ಸ್‌ಟರ್ನಾ ಬಗ್ಗೆ. ಆರ್‌ಪಿಇ65 ಅನ್ನುವ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಕ್ಕಳಿಗೆ ಮಬ್ಬು ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ವಯಸ್ಸಾಗುತ್ತಾ ಇದ್ದ ದೃಷ್ಟಿಯೂ ಹೋಗುತ್ತದೆ. ಆ ಜೀನಿನ ಒಳ್ಳೆಯ ಪ್ರತಿಯನ್ನು ಎಎವಿ ಎಂಬ ಚಿಕ್ಕ ವೈರಸ್‌ನ ಕವಚದೊಳಗಿಟ್ಟು ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರವಾದ ರೆಟಿನಾದ ಕೆಳಗೆ ಚುಚ್ಚುವುದೇ ಲಕ್ಸ್‌ಟರ್ನಾ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಹುಟ್ಟಿನಿಂದ ಬಂದ ಕಾಯಿಲೆಗೆ ನೇರವಾಗಿ ದೇಹದೊಳಗೆ ಕೊಡುವ ಜೀನ್ ಥೆರಪಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಅದೇ ಮೊದಲು.

ಮೊದಲು ನನ್ನ ಮೇಜಿನ ಮೇಲೆ ಕಾಣುವುದನ್ನು ಹೇಳುತ್ತೇನೆ. ಔಷಧ ಬರುವುದು ಮೈನಸ್ 65 ಡಿಗ್ರಿಗಿಂತ ತಣ್ಣಗೆ, ಗಟ್ಟಿಯಾಗಿ. ಒಂದು ಚಿಕ್ಕ ವಯಲ್ ಔಷಧ, ಜೊತೆಗೆ ಬೆರೆಸಲು ಎರಡು ವಯಲ್ ದ್ರವ. ಕೋಣೆಯ ಬಿಸಿಗೆ ಕರಗಲು ಬಿಡಬೇಕು. ಆಮೇಲೆ ಶುದ್ಧ ಗಾಳಿಯ ಹುಡ್ ಕೆಳಗೆ ಕೂತು 2.7 ಮಿಲಿ ದ್ರವಕ್ಕೆ 0.3 ಮಿಲಿ ಔಷಧ ಸೇರಿಸಿ, ಮೆಲ್ಲಗೆ ತಿರುಗಿಸಿ ಬೆರೆಸಬೇಕು. ಒಂದು ಮಿಲಿ ಸಿರಿಂಜಿಗೆ 0.8 ಮಿಲಿ ಎಳೆಯಬೇಕು. ಹಾಗೆ ಎರಡು ಸಿರಿಂಜು, ಒಂದು ಕೆಲಸಕ್ಕೆ, ಇನ್ನೊಂದು ಏನಾದರೂ ಆದರೆ ಇರಲಿ ಅಂತ. ಕೊನೆಗೆ ಕಣ್ಣಿಗೆ ಹೋಗುವುದು 0.3 ಮಿಲಿ ಮಾತ್ರ. ಅದರಲ್ಲಿ 15,000 ಕೋಟಿ ವೆಕ್ಟರ್ ಕಣಗಳು, ಅಂದರೆ ಜೀನ್ ಹೊತ್ತ ವೈರಸ್ ಕವಚಗಳು. ಬೆರೆಸಿದ ನಾಲ್ಕು ಗಂಟೆಯೊಳಗೆ ಉಪಯೋಗಿಸಬೇಕು. ಒಂದು ಕಣ್ಣಿನ ಡೋಸಿಗೆ ಮಾರುಕಟ್ಟೆಗೆ ಬಂದಾಗಿನ ಬೆಲೆ 4 ಲಕ್ಷ 25 ಸಾವಿರ ಡಾಲರ್. ಅಷ್ಟು ಬೆಲೆಯ ದ್ರವ ಸಿರಿಂಜಿನೊಳಗೆ ನೀರಿನ ಹಾಗೆ ಕಾಣುತ್ತದೆ. ಕೈ ನಡುಗಬಾರದು ಅಷ್ಟೇ.

ಆ ಬೆರೆಸುವ ದ್ರವ ಸುಮ್ನೆ ಉಪ್ಪುನೀರಲ್ಲ. ಅದರಲ್ಲಿ 0.001 ಶೇಕಡಾ ಪೋಲೋಕ್ಸಮರ್ 188 ಇದೆ. ಒಂದು ತರಹದ ಸೋಪಿನಂಥ ಪದಾರ್ಥ. ಯಾಕೆ ಅಂತ ಕೇಳಿದರೆ ಕಂಪನಿಯ ವಿಜ್ಞಾನಿಗಳ ಹಿನ್ನೆಲೆಗೇ ಹೋಗಬೇಕು. ಎಎವಿ ಕಣಗಳು ಸಿರಿಂಜು ಮತ್ತು ಸೂಜಿಯ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಇಷ್ಟು ಸಣ್ಣ ಪ್ರಮಾಣ ಕೊಡುವಾಗ ಗೋಡೆಗೆ ಅಂಟಿ ಉಳಿದದ್ದು ಎಷ್ಟು, ಕಣ್ಣಿಗೆ ಹೋದದ್ದು ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಫಿಲಡೆಲ್ಫಿಯಾ ತಂಡ ಇದನ್ನು ಮನುಷ್ಯರ ಟ್ರಯಲ್‌ಗೆ ಮೊದಲೇ ಗಮನಿಸಿ ಸರಿಮಾಡಿತ್ತು. ಸ್ಪಾರ್ಕ್ ಹುಟ್ಟಿದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ವೆಕ್ಟರ್ ಲ್ಯಾಬಿನ ಮುಖ್ಯಸ್ಥರಾಗಿದ್ದವರು ಫ್ರೇಸರ್ ರೈಟ್. ಆಮೇಲೆ ಸ್ಪಾರ್ಕ್ ಸ್ಥಾಪಕರಲ್ಲಿ ಒಬ್ಬರಾಗಿ ಅದರ ಮುಖ್ಯ ತಂತ್ರಜ್ಞರೂ ಆದವರು. ಅದಕ್ಕೂ ಮೊದಲು ಅವರು ಏವಿಜೆನ್ ಎಂಬ ಕ್ಯಾಲಿಫೋರ್ನಿಯಾ ಕಂಪನಿಯಲ್ಲಿ ಇದೇ ಎಎವಿ ತಯಾರಿಸುತ್ತಿದ್ದರು. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದು ಕಡಿಮೆ. ಒಬ್ಬ ಫಾರ್ಮಸಿಸ್ಟ್ ಆಗಿ ನಾನು ಮೊದಲ ಸಲಾಂ ಹೊಡೆಯುವುದು ಇವರಿಗೇ. ಜೀನ್ ಥೆರಪಿಯಲ್ಲಿ ಐಡಿಯಾ ಇರುವವರು ಬಹಳ ಜನ. ಪ್ರತಿ ವಯಲಿನಲ್ಲೂ ಅದೇ ಸರಕು ಇರುವ ಹಾಗೆ ಮಾಡುವವರು ಕೈಬೆರಳೆಣಿಕೆ.

ಈಗ ದೊಡ್ಡ ಹೆಸರಿಗೆ ಬರೋಣ. ಕ್ಯಾಥರೀನ್ ಹೈ. ಸ್ಪಾರ್ಕ್‌ನ ಸ್ಥಾಪಕರಲ್ಲಿ ಒಬ್ಬರು, ಅಧ್ಯಕ್ಷೆ, ಸಂಶೋಧನೆಯ ಮುಖ್ಯಸ್ಥೆ. ಕಣ್ಣಿನ ಔಷಧದ ಕಂಪನಿಗೆ ಕಣ್ಣಿನ ಡಾಕ್ಟರ್ ಇರಬೇಕಲ್ವಾ? ಇವರು ರಕ್ತದ ಡಾಕ್ಟರ್. ಹಾರ್ವರ್ಡ್‌ನಲ್ಲಿ ಕೆಮಿಸ್ಟ್ರಿ, ನಾರ್ತ್ ಕೆರೋಲಿನಾದಲ್ಲಿ ವೈದ್ಯಕೀಯ, ಆಮೇಲೆ ಹಿಮೋಫಿಲಿಯಾ ಬಿ. ಗಾಯವಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 9 ಇಲ್ಲದ ಕಾಯಿಲೆ ಅದು. ಹಿಮೋಫಿಲಿಯಾ ಇರುವ ನಾಯಿಗಳಿಗೆ ಎಎವಿಯಲ್ಲಿ ಆ ಜೀನ್ ಕೊಟ್ಟು ಅವರ ತಂಡ 1999ರಲ್ಲಿ ಒಳ್ಳೆಯ ಫಲಿತಾಂಶ ತೋರಿಸಿತು. ಆಮೇಲೆ ಏವಿಜೆನ್ ಜೊತೆ ಸೇರಿ ಮನುಷ್ಯರ ಟ್ರಯಲ್.

ಅಲ್ಲಿ ಆದದ್ದನ್ನು ಜೀನ್ ಥೆರಪಿಯ ಬಗ್ಗೆ ಆಸಕ್ತಿ ಇರುವ ಪ್ರತಿಯೊಬ್ಬರೂ ಓದಬೇಕು. ಜಾಸ್ತಿ ಡೋಸ್ ಪಡೆದ ರೋಗಿಯಲ್ಲಿ ಫ್ಯಾಕ್ಟರ್ 9 ಮೇಲೆ ಹೋಯಿತು, ಕಾಯಿಲೆಯ ಕಾಟ ಬಹಳಷ್ಟು ತಗ್ಗುವ ಮಟ್ಟಕ್ಕೆ. ಸುಮಾರು ನಾಲ್ಕು ವಾರದ ಹೊತ್ತಿಗೆ ಇಳಿಯಲು ಶುರುವಾಯಿತು. ಜೊತೆಗೆ ಲಿವರ್ ಎನ್ಜೈಮ್ ಏರಿತು, ಲಿವರ್ ಕೋಶಗಳಿಗೆ ಪೆಟ್ಟು ಬಿದ್ದ ಗುರುತು. ಕೆಲವು ವಾರದಲ್ಲಿ ಎಲ್ಲಾ ಮೊದಲಿದ್ದ ಜಾಗಕ್ಕೆ. ನಾಯಿಗಳಲ್ಲಿ ಹೀಗೆ ಆಗಿರಲಿಲ್ಲ. ಕಾರಣ ಏನಪ್ಪಾ ಅಂದರೆ, ಎಎವಿ ಮನುಷ್ಯರ ನಡುವೆ ಹಾಗೇ ಓಡಾಡುವ ವೈರಸ್. ಬಹಳ ಜನರಿಗೆ ಚಿಕ್ಕಂದಿನಲ್ಲೇ ಗೊತ್ತಿಲ್ಲದೆ ಬಂದು ಹೋಗಿರುತ್ತದೆ. ದೇಹವನ್ನು ಕಾಯುವ ಟಿ ಕೋಶಗಳು ಅದನ್ನು ನೆನಪಿಟ್ಟುಕೊಂಡು, ಹೊಸ ಜೀನ್ ಹೊತ್ತ ಲಿವರ್ ಕೋಶಗಳ ಮೇಲೆಯೇ ಬಿದ್ದಿದ್ದವು. ಹೈ ಅವರ ತಂಡ 2006ರಲ್ಲಿ ಇದನ್ನೆಲ್ಲ ಬಿಡಿಸಿ ಪ್ರಕಟಿಸಿತು. ಅಷ್ಟು ಹೊತ್ತಿಗೆ ಏವಿಜೆನ್ ಹಿಮೋಫಿಲಿಯಾದಿಂದ ಕೈತೊಳೆದುಕೊಂಡಾಗಿತ್ತು.

ನಮ್ಮಲ್ಲಿ ಲಕ್ಸ್‌ಟರ್ನಾ ಪಡೆಯುವ ರೋಗಿಗೆ ಮೂರು ದಿನ ಮೊದಲೇ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರೆಡ್ನಿಸೋನ್ ಶುರುಮಾಡುತ್ತೇವೆ. ತೂಕಕ್ಕೆ ತಕ್ಕಂತೆ, ದಿನಕ್ಕೆ 40 ಮಿಗ್ರಾಂ ಮೀರದ ಹಾಗೆ. ಆ ಚೀಟಿ ನೋಡಿದಾಗಲೆಲ್ಲ ನನಗೆ ಆ ಹಿಮೋಫಿಲಿಯಾ ಟ್ರಯಲ್‌ನ ಗ್ರಾಫ್ ನೆನಪಾಗುತ್ತದೆ, ಏರಿ ಇಳಿದ ಆ ಗೆರೆ. ಹೈ ಕಲಿತದ್ದು ಬರೀ ರೋಗನಿರೋಧದ ಪಾಠ ಅಷ್ಟೇ ಅಲ್ಲ. ಕಂಪನಿ ಬೇಸರ ಬಂದು ಎದ್ದುಹೋದರೆ ನಿಮ್ಮ ಬಳಿ ವೆಕ್ಟರೂ ಉಳಿಯುವುದಿಲ್ಲ ಅನ್ನುವ ಇನ್ನೊಂದು ಪಾಠವೂ ಇತ್ತು. ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆ 2004ರಲ್ಲಿ ತನ್ನದೇ ಕೇಂದ್ರ ಕಟ್ಟಿತು, ಮನುಷ್ಯರಿಗೆ ಕೊಡುವ ಗುಣಮಟ್ಟದ ವೆಕ್ಟರನ್ನು ಅಲ್ಲೇ ತಯಾರಿಸಲು. ಹೈ ಅದರ ಮುಖ್ಯಸ್ಥೆ. 2005ರಲ್ಲಿ ಅವರೇ ಕಣ್ಣಿನ ಸಂಶೋಧಕಿ ಜೀನ್ ಬೆನೆಟ್ ಅವರನ್ನು ಸಂಪರ್ಕಿಸಿ, ನಿಮ್ಮ ಕಣ್ಣಿನ ಜೀನಿಗೆ ವೆಕ್ಟರ್ ನಾವು ಮಾಡಿಕೊಡುತ್ತೇವೆ, ಟ್ರಯಲ್ ಮಾಡೋಣ ಅಂದರು.

ಬೆನೆಟ್ ಮತ್ತು ಅವರ ಗಂಡ ಆಲ್ಬರ್ಟ್ ಮಗ್ವಾಯರ್ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯವರು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಮೆದುಳು ಕೊಯ್ಯುವ ತರಗತಿಯಲ್ಲಿ ಪರಿಚಯವಾದ ಜೋಡಿ. ಬೆನೆಟ್ ಲ್ಯಾಬಿನವರು, ಮಗ್ವಾಯರ್ ರೆಟಿನಾ ಸರ್ಜನ್. ಕಂಪನಿಗೆ ಬೇಕಾದ ಎರಡು ಕೈಗಳು ಒಂದೇ ಮನೆಯಲ್ಲಿದ್ದವು ಅನ್ನಿ. 2000ದಲ್ಲಿ ಹುಟ್ಟುಕುರುಡಾದ ಬ್ರಿಯಾರ್ಡ್ ತಳಿಯ ನಾಯಿಗಳ ಕಣ್ಣಿಗೆ ಈ ಜೀನ್ ಕೊಟ್ಟರು. ನಾಯಿ ಎದುರು ಮತ್ತು ಬಲಗಡೆಯ ಸಾಮಾನು ತಪ್ಪಿಸಿಕೊಂಡು ನಡೆಯುತ್ತಿತ್ತು, ಎಡಗಡೆಯದ್ದಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಔಷಧ ಕೊಟ್ಟದ್ದು ಬಲಗಣ್ಣಿಗೆ. ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ? 2001ರಲ್ಲಿ ಪ್ರಕಟವಾಯಿತು. ಲ್ಯಾನ್ಸಲಾಟ್ ಎಂಬ ನಾಯಿ ಅಮೆರಿಕದ ಸಂಸತ್ತಿಗೂ ಹೋಗಿ ಬಂತು. ಆಮೇಲೆ ಚಿಕಿತ್ಸೆ ಪಡೆದ ನಾಯಿಗಳಲ್ಲಿ ಎರಡನ್ನು, ವೀನಸ್ ಮತ್ತು ಮರ್ಕ್ಯುರಿ ಅಂತ, ಇವರು ಮನೆಗೇ ತಂದು ಸಾಕಿಕೊಂಡರು.

ಈ ದಂಪತಿಯ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಬೆನೆಟ್ ಸ್ಪಾರ್ಕ್‌ನ ವೈಜ್ಞಾನಿಕ ಸ್ಥಾಪಕಿ, ಆದರೆ ಷೇರು ಇಲ್ಲದ ಸ್ಥಾಪಕಿ. ಈ ಚಿಕಿತ್ಸೆಯಿಂದ ಬರಬಹುದಾದ ಹಣದ ಹಕ್ಕನ್ನು ಇಬ್ಬರೂ ಟ್ರಯಲ್ ಶುರುವಾಗುವ ಮೊದಲೇ ಬಿಟ್ಟುಕೊಟ್ಟಿದ್ದರು. ಯಾಕೆ ಅಂತ ತಿಳಿಯಲು ಅದೇ ಯೂನಿವರ್ಸಿಟಿಯ 1999 ನೋಡಬೇಕು. ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ಅಲ್ಲಿನ ಜೀನ್ ಥೆರಪಿ ಟ್ರಯಲ್ ಸೇರಿ, ವೆಕ್ಟರ್ ಕೊಟ್ಟ ನಾಲ್ಕನೇ ದಿನ, ಸೆಪ್ಟೆಂಬರ್ 17ರಂದು ತೀರಿಕೊಂಡ. ಅದು ಬೇರೆ ವೈರಸ್, ಅಡಿನೋವೈರಸ್. ಆ ಟ್ರಯಲ್ ನಡೆಸಿದ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ವಿಲ್ಸನ್ ಅವರಿಗೂ ಯೂನಿವರ್ಸಿಟಿಗೂ ಜಿನೋವೋ ಎಂಬ ಕಂಪನಿಯಲ್ಲಿ ಪಾಲಿತ್ತು. 2000ದ ಜನವರಿಯಲ್ಲಿ ಎಫ್‌ಡಿಎ ಆ ಸಂಸ್ಥೆಯ ಎಲ್ಲಾ ಮಾನವ ಟ್ರಯಲ್‌ಗಳನ್ನು ನಿಲ್ಲಿಸಿತು. ಇಡೀ ಕ್ಷೇತ್ರಕ್ಕೇ ಗ್ರಹಣ ಹಿಡಿದ ಹಾಗಾಯಿತು. ಅದೇ ಊರು, ಅದೇ ಕ್ಯಾಂಪಸ್. ಅಲ್ಲಿ ಕೂತು ಇನ್ನೊಂದು ಟ್ರಯಲ್ ಕಟ್ಟುವವರು ತಮ್ಮ ಜೇಬನ್ನು ದೂರ ಇಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಾಯಕರ ಪುಟದಲ್ಲಿ ಡಿಗ್ರಿ ಪಕ್ಕ ಇದನ್ನೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು.

ಮನುಷ್ಯರ ಟ್ರಯಲ್ 2007ರಲ್ಲಿ ಶುರು. ಲಂಡನ್ ಮತ್ತು ಫ್ಲಾರಿಡಾದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದೇ ಜೀನಿನ ಮೇಲೆ ಕೆಲಸ ನಡೆದಿತ್ತು. ಮಾರುಕಟ್ಟೆವರೆಗೆ ಬಂದದ್ದು ಫಿಲಡೆಲ್ಫಿಯಾದ್ದು. ಅದರಲ್ಲಿ ಪರೀಕ್ಷೆಯ ಪಾಲು ದೊಡ್ಡದು. ಈ ಮಕ್ಕಳ ತೊಂದರೆ ಬೆಳಕಿನದ್ದು. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಅದು ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ನಾಯಿಗಳಿಗೆ ಮಾಡಿದ್ದನ್ನೇ ಮನುಷ್ಯರಿಗೂ ಹೊಂದಿಸಿದರು. ನೆಲದ ಮೇಲೆ ಬಾಣದ ಗುರುತು, ನಡುವೆ ಅಡ್ಡಿಗಳು, ಬಾಯಿಪಾಠ ಆಗದಿರಲಿ ಅಂತ 12 ಬೇರೆಬೇರೆ ಜೋಡಣೆ, ಲಕ್ಸ್ ಅನ್ನುವ ಬೆಳಕಿನ ಅಳತೆಯಲ್ಲಿ 400ರಿಂದ 1ರವರೆಗೆ ಏಳು ಮಟ್ಟದ ಬೆಳಕು. ನಡೆಯುವುದನ್ನು ವಿಡಿಯೋ ಮಾಡಿ, ಯಾರಿಗೆ ಚಿಕಿತ್ಸೆ ಆಗಿದೆ ಅಂತ ಗೊತ್ತಿಲ್ಲದವರು ಅಂಕ ಕೊಡುತ್ತಾರೆ. ಮೂರನೇ ಹಂತದ ಟ್ರಯಲ್‌ನಲ್ಲಿ ಚಿಕಿತ್ಸೆ ಪಡೆದ 20 ಜನರಲ್ಲಿ 13 ಜನ ಒಂದು ವರ್ಷದಲ್ಲಿ 1 ಲಕ್ಸ್‌ನಲ್ಲಿ ದಾರಿ ದಾಟಿದರು. ಚಿಕಿತ್ಸೆ ಇಲ್ಲದ ಗುಂಪಿನಲ್ಲಿ ಯಾರೂ ಇಲ್ಲ. ಎಫ್‌ಡಿಎ ಸಲಹಾ ಸಮಿತಿಯಲ್ಲಿ ಮತ 16ಕ್ಕೆ 0.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ನಮ್ಮ ರೋಗಿ ಹುಡುಗಿಯೊಬ್ಬಳಿಗಾಗಿ ತುಂಬಿದ ಇನ್ಶೂರೆನ್ಸ್ ಕಂಪನಿಯ ಅರ್ಜಿಯಲ್ಲಿ ದೃಷ್ಟಿ ಬಗ್ಗೆ ಇದ್ದ ಜಾಗ ಒಂದೇ: ಅಕ್ಷರದ ಚಾರ್ಟಿನ ಅಂಕಿ. ಹುಡುಗಿಗೆ ಹಗಲಲ್ಲಿ ದೊಡ್ಡ ಅಕ್ಷರ ಕಾಣುತ್ತದೆ, ಸಂಜೆ ದೀಪ ಇಲ್ಲದ ಕೋಣೆಯಲ್ಲಿ ಬಾಗಿಲು ಕಾಣುವುದಿಲ್ಲ. "ಚಾರ್ಟಿನಲ್ಲಿ ಸುಧಾರಣೆ ನಿರೀಕ್ಷಿತವೇ?" ಅಂತ ಅವರ ಪ್ರಶ್ನೆ. ಟ್ರಯಲ್‌ನಲ್ಲೂ ಚಾರ್ಟಿನ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬಂದಿರಲಿಲ್ಲ. ಅದನ್ನು ಮುಚ್ಚಿಡದೆ, ಹೊಸ ಪರೀಕ್ಷೆ ಯಾಕೆ ಬೇಕು ಅಂತ ಎಫ್‌ಡಿಎಗೆ ವರ್ಷಗಟ್ಟಲೆ ವಾದಿಸಿದ ವಿಜ್ಞಾನಿಗಳ ತಾಳ್ಮೆ ನಮಗೆ ಫೋನಿನಲ್ಲಿ ಉಪಯೋಗಕ್ಕೆ ಬಂತು. ಒಪ್ಪಿಗೆ ಸಿಕ್ಕಿತು, ತಡವಾಗಿ.

ವ್ಯಾಪಾರದ ಕಡೆಯವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2013ರಲ್ಲಿ ಮಕ್ಕಳ ಆಸ್ಪತ್ರೆ ತನ್ನದೇ 5 ಕೋಟಿ ಡಾಲರ್ ಇಡುವುದಾಗಿ ಹೇಳಿ ಸ್ಪಾರ್ಕ್ ಹುಟ್ಟುಹಾಕಿತು. ಆಸ್ಪತ್ರೆಯ ಮುಖ್ಯಸ್ಥ ಸ್ಟೀವನ್ ಆಲ್ಟ್‌ಶುಲರ್ ಕಂಪನಿಯ ಮಂಡಳಿಗೂ ಅಧ್ಯಕ್ಷರಾದರು. ಸಿಇಒ ಜೆಫ್ ಮರಾಜ್ಜೊ ವಿಜ್ಞಾನಿಯಲ್ಲ. ವಾರ್ಟನ್ ಬಿಸಿನೆಸ್ ಸ್ಕೂಲಿನಲ್ಲಿ ಓದಿದವರು, ಪೆನ್ಸಿಲ್ವೇನಿಯಾ ಗವರ್ನರ್ ಎಡ್ ರೆಂಡೆಲ್ ಅವರಿಗೆ ಆರೋಗ್ಯ ವಿಷಯದಲ್ಲಿ ಸಲಹೆ ಕೊಡುತ್ತಿದ್ದವರು. ಹಣ ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಅನ್ನುವುದು ಅವರ ಹಿನ್ನೆಲೆ. ಅದು ಔಷಧದ ಬೆಲೆಪಟ್ಟಿಯಲ್ಲೂ ಕಾಣುತ್ತದೆ. ಎರಡೂ ಕಣ್ಣಿಗೆ 8 ಲಕ್ಷ 50 ಸಾವಿರ ಡಾಲರ್ ಅಂತ ಹೇಳಿದ ಬೆನ್ನಲ್ಲೇ, 2018ರ ಜನವರಿಯಲ್ಲಿ ಹಾರ್ವರ್ಡ್ ಪಿಲ್‌ಗ್ರಿಮ್ ಇನ್ಶೂರೆನ್ಸ್ ಜೊತೆ ಒಪ್ಪಂದ: 30ರಿಂದ 90 ದಿನದಲ್ಲಿ ಮತ್ತು 30 ತಿಂಗಳಲ್ಲಿ ಗುಣ ಕಾಣದಿದ್ದರೆ ಹಣದ ಒಂದು ಭಾಗ ವಾಪಸ್. ಪೂರ್ತಿ ಅಲ್ಲ, ಒಂದು ಭಾಗ. ಬುದ್ಧಿವಂತಿಕೆಯ ಒಪ್ಪಂದ, ಒಪ್ಪುತ್ತೇನೆ. ಬೆಲೆ ಮಾತ್ರ ನನಗೆ ಇವತ್ತಿಗೂ ನುಂಗಲಾಗದ ತುತ್ತು. ಸರ್ಕಾರದಿಂದ ಬಹುಮಾನವಾಗಿ ಸಿಕ್ಕ, ಇನ್ನೊಂದು ಔಷಧದ ಪರಿಶೀಲನೆ ಬೇಗ ಮಾಡಿಸಿಕೊಳ್ಳುವ ಆದ್ಯತೆಯ ವೋಚರನ್ನೇ 11 ಕೋಟಿ ಡಾಲರಿಗೆ ಜಾಝ್ ಫಾರ್ಮಾಗೆ ಮಾರಿದ ಕಂಪನಿ ಇದು. ಬರೀ ಕಷ್ಟದಲ್ಲಿದ್ದೇವೆ ಅನ್ನುವ ಹಾಗಿರಲಿಲ್ಲ.

ದೂರು ಹೇಳಬೇಕಾದದ್ದು ಇನ್ನೂ ಇದೆ. ಔಷಧ ಮಾರುಕಟ್ಟೆಗೆ ಬಂದ ಮೇಲೆ ಕೆಲವು ರೋಗಿಗಳಲ್ಲಿ ರೆಟಿನಾ ಮತ್ತು ಅದರ ಹಿಂದಿನ ಪದರ ಅಲ್ಲಲ್ಲಿ ಸವೆದದ್ದು ಕಂಡಿದೆ. ಈಗ ಲೇಬಲ್ಲಿನಲ್ಲೂ ಆ ಎಚ್ಚರಿಕೆ ಇದೆ. ಜೊತೆಗೆ ಆಪರೇಷನ್ ಅಂದಮೇಲೆ ಆಪರೇಷನ್ನೇ: ಕಣ್ಣಿನೊಳಗೆ ಗಾಳಿಗುಳ್ಳೆ ಇರುವವರೆಗೆ ವಿಮಾನ ಹತ್ತುವಂತಿಲ್ಲ, ಪೊರೆ ಬರಬಹುದು. ರೋಗಿಗಳಿಗೆ ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಜೀವಂತ ರೆಟಿನಾ ಕೋಶ ಉಳಿದಿರಬೇಕಾದ್ದರಿಂದ ವರ್ಷಗಟ್ಟಲೆ ಕಾಯುತ್ತಾ ಕೂರುವುದೂ ಸರಿಯಲ್ಲ.

ಇನ್ನು ಕಂಪನಿ ಏನಾಯಿತು? 2019ರ ಫೆಬ್ರವರಿಯಲ್ಲಿ ಸ್ವಿಸ್ ಔಷಧ ಕಂಪನಿ ರೋಷ್ ಸುಮಾರು 430 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅಮೆರಿಕದ ಸ್ಪರ್ಧಾ ನಿಯಂತ್ರಕರು ತಿಂಗಳುಗಟ್ಟಲೆ ಪರಿಶೀಲಿಸಿ, ಡಿಸೆಂಬರ್‌ನಲ್ಲಿ ವ್ಯವಹಾರ ಮುಗಿಯಿತು. ಮುಗಿದ ಸ್ವಲ್ಪ ದಿನಕ್ಕೇ, 2020ರ ಆರಂಭದಲ್ಲಿ ಹೈ ಹೊರಟರು. ಮರಾಜ್ಜೊ 2022ರಲ್ಲಿ. ರೈಟ್ ಅದಕ್ಕೂ ಮೊದಲೇ ಹೋಗಿದ್ದರು. ನಾಯಕರ ಪುಟದಲ್ಲಿ ಹೊಸ ಮುಖಗಳು ಬಂದವು, ಒಳ್ಳೆಯ ಹಿನ್ನೆಲೆಯವರೇ. ಆದರೆ ಹೊಸ ಔಷಧ ಅಂತ ಸ್ಪಾರ್ಕ್ ಹೆಸರಿನಲ್ಲಿ ಇನ್ನೊಂದು ನನ್ನ ಫ್ರೀಜರಿಗೆ ಬರಲಿಲ್ಲ. ಹಿಮೋಫಿಲಿಯಾ ಬಿಗೆ ಹೈ ತಂಡ ಶುರುಮಾಡಿದ ಕೆಲಸ ಫೈಜರ್ ಕೈಸೇರಿ, 2024ರ ಏಪ್ರಿಲ್‌ನಲ್ಲಿ ಬೆಕ್ವೆಜ್ ಆಗಿ ಒಪ್ಪಿಗೆ ಪಡೆಯಿತು. ಇಟಲಿಯ ಪಡುವಾದ ಒಂದು ಕುಟುಂಬದಲ್ಲಿ ಸಿಕ್ಕ ಹೆಚ್ಚು ಚುರುಕಿನ ಫ್ಯಾಕ್ಟರ್ 9 ಅದರೊಳಗಿದೆ, ಡೋಸ್ ಕಡಿಮೆ ಸಾಕು ಅನ್ನುವ ಲೆಕ್ಕ. ವಿಜ್ಞಾನವಾಗಿ ಎಷ್ಟು ಚೆಂದ! ಬೆಲೆ 35 ಲಕ್ಷ ಡಾಲರ್. ಕೇಳುವವರಿಲ್ಲ ಅಂತ 2025ರ ಫೆಬ್ರವರಿಯಲ್ಲಿ ಫೈಜರ್ ಅದನ್ನು ಕೈಬಿಟ್ಟಿತು. ಅದೇ ವರ್ಷ ರೋಷ್ ಸ್ಪಾರ್ಕನ್ನು ಬಿಚ್ಚಿ ತನ್ನೊಳಗೆ ಸೇರಿಸಿಕೊಳ್ಳುವ ಕೆಲಸಕ್ಕೆ ಕೈಹಾಕಿತು.

ನನ್ನ ಅಂಕ ಕೇಳಿದರೆ: ಔಷಧಕ್ಕೆ 5ಕ್ಕೆ 4. ಮೊದಲ ತಂಡಕ್ಕೆ 5ಕ್ಕೆ 5, ಒಂದು ಚೂರೂ ಕಡಿಮೆ ಇಲ್ಲ. ಬೆಲೆಗೆ 2. ಈಗಿನ ಕಂಪನಿಗೆ ಅಂಕ ಕೊಡುವುದೇ ಕಷ್ಟ, ಏಕೆಂದರೆ ಲಕ್ಸ್‌ಟರ್ನಾ ಕಟ್ಟಿದ ತಲೆಗಳು ಅಲ್ಲಿಲ್ಲ. ಆದರೂ ವಯಲ್ ಅದೇ ಗುಣಮಟ್ಟದಲ್ಲಿ ಬರುತ್ತಿದೆ, ಅದಕ್ಕೆ ಅವರಿಗೆ ಕ್ರೆಡಿಟ್ ಸಲ್ಲಬೇಕು.

ಯಾವುದೇ ಜೀನ್ ಥೆರಪಿ ಟ್ರಯಲ್ ಸೇರಬೇಕೋ ಬೇಡವೋ ಅಂತ ಯೋಚಿಸುವವರು ನನ್ನ ಬಳಿ ಬಂದಾಗ ಮೂರು ಪ್ರಶ್ನೆ ಬರೆದುಕೊಡುತ್ತೇನೆ. ವೆಕ್ಟರ್ ತಯಾರಿಸುವವರು ಯಾರು, ಅವರು ಮೊದಲು ಎಲ್ಲಿ ತಯಾರಿಸಿದ್ದರು? ಸ್ಥಾಪಕ ವಿಜ್ಞಾನಿ ಇನ್ನೂ ಕಂಪನಿಯಲ್ಲಿದ್ದಾರಾ? ಟ್ರಯಲ್ ನಡೆಸುವ ಡಾಕ್ಟರಿಗೆ ಅದರಲ್ಲಿ ಷೇರು ಇದೆಯಾ? ಕೊನೆಯದನ್ನು ಕೇಳಲು ಜನ ಸಂಕೋಚಪಡುತ್ತಾರೆ. ಸಂಕೋಚ ಬೇಡ, ಒಪ್ಪಿಗೆ ಪತ್ರದಲ್ಲೇ ಅದನ್ನು ಕೇಳಿ ಓದಿಸಿಕೊಳ್ಳಿ.

ಹೈ 2021ರಲ್ಲಿ ಆಸ್ಕ್‌ಬಯೋ ಎಂಬ ಇನ್ನೊಂದು ಜೀನ್ ಥೆರಪಿ ಕಂಪನಿ ಸೇರಿದರು. ಬೆನೆಟ್ ಅದೇ ವರ್ಷ ಬೆಳಕಿಗೆ ಬಂದ ಓಪಸ್ ಜೆನೆಟಿಕ್ಸ್ ಎಂಬ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಅವರು ಹಿಡಿದಿರುವುದು ಎಲ್‌ಸಿಎ5, ಆರ್‌ಪಿಇ65ಗಿಂತಲೂ ಅಪರೂಪದ ಜೀನ್. ದೊಡ್ಡ ಕಂಪನಿಗಳು ಲಾಭ ಇಲ್ಲ ಅಂತ ಮುಟ್ಟದ ಸಾಲಿನದು. 2023ರಲ್ಲಿ ಅದರ ಟ್ರಯಲ್ ಶುರುವಾಯಿತು, ಮತ್ತೆ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲೇ. ಅವರ ನಾಯಕರ ಪುಟವನ್ನೂ ನಾನು ಓದಿಯಾಯಿತು. ಅದು ಒಪ್ಪಿಗೆ ಪಡೆದು ನಮ್ಮ ಫ್ರೀಜರಿಗೆ ಬಂದರೆ ಬೆರೆಸುವ ದ್ರವದಲ್ಲಿ ಏನಿದೆ ಅಂತ ಮೊದಲು ನೋಡುತ್ತೇನೆ, ವಿಮರ್ಶೆ ಆಮೇಲೆ.